ಸರ್ವರ್ ಬಿಜಿ ಅಂತ ಸುಳ್ಳು ಹೇಳೋದು ನಿಲ್ಲಿಸೋಣ

ಹೋದ ದೀಪಾವಳಿಗೆ ಇಟ್ಟಿಗಿಗೆ ಹೋದಾಗ ನಮ್ಮವ್ವ ಒಂದು ಪ್ರಶ್ನೆ ಕೇಳಿದಳು. "ಅಲ್ಲೋ, ನೀನು ಕಂಪ್ಯೂಟರ್ ಕೆಲಸ ಮಾಡ್ತೀಯಲ್ಲ, ಈ ಸರ್ವರ್ ಅನ್ನಾದು ಯಾವಾಗ ನೋಡಿದ್ರೂ ಬಿಜಿ ಇರ್ತೈತಲ್ಲ, ಅದಕ್ಕೇನು ಅಷ್ಟು ಕೆಲಸ?"

ನಗು ಬಂತು. ಆಮೇಲೆ ಬರಲಿಲ್ಲ. ಯಾಕಂದ್ರೆ ಅವ್ವ ಮೆಕ್ಕೆಜೋಳ ಮುರಿಯೋ ಹೊತ್ತಿನಲ್ಲಿ ಮೂರು ದಿನ ಕೆಲಸ ಬಿಟ್ಟು, ಯಾವುದೋ ಒಂದು ಅರ್ಜಿ ಆನ್‌ಲೈನ್ ಮಾಡಿಸೋದಕ್ಕೆ ಅಲೆದಿದ್ದಳು. ಕೇಂದ್ರದ ಹುಡುಗ ನಂಬರ್ ಹೊಡೀತಾನೆ, ಓಟಿಪಿ ಬರುತ್ತೆ, ಅದನ್ನೂ ಹೊಡೀತಾನೆ, ಚಕ್ರ ತಿರುಗುತ್ತೆ, ತಿರುಗಿ ತಿರುಗಿ ಮತ್ತೆ ಅದೇ ಲಾಗಿನ್ ಪುಟಕ್ಕೆ ಬಂದು ನಿಲ್ಲುತ್ತೆ. "ಸರ್ವರ್ ಬಿಜಿ ಐತಿ ಅಮ್ಮಾ, ನಾಳೆ ಬರ್ರಿ." ಮೂರು ದಿನದ ಕೂಲಿ ಹೋಯ್ತು. ಬಸ್ ಚಾರ್ಜಿನ ಚಿಂತೆ ಈಗ ಇಲ್ಲ ಬಿಡಿ, ಶಕ್ತಿ ಯೋಜನೆ ಇದೆ. ಆದರೆ ಮುರಿಯದ ತೆನೆಗೆ ಯಾವ ಯೋಜನೆಯೂ ಇಲ್ಲ.

ನಾನು ಅವ್ವಗೆ ಹೇಳಿದೆ: "ಜನ ಜಾಸ್ತಿ ಆದಾಗ ಹಂಗಾಗ್ತೈತವ್ವ."

ಇದು ಸುಳ್ಳು. ಇಡೀ ಸುಳ್ಳಲ್ಲ, ಮುಕ್ಕಾಲು ಸುಳ್ಳು. ಜನ ಜಾಸ್ತಿ ಬರ್ತಾರೆ ಅನ್ನೋದು ಯಾರಿಗೆ ಗೊತ್ತಿರಲಿಲ್ಲ? ಯೋಜನೆ ಘೋಷಣೆ ಮಾಡಿದವರಿಗೆ ಗೊತ್ತಿತ್ತು, ಪೇಪರಿನವರಿಗೆ ಗೊತ್ತಿತ್ತು, ಝೆರಾಕ್ಸ್ ಅಂಗಡಿಯವನಿಗೂ ಗೊತ್ತಿತ್ತು, ಅವನು ಹಿಂದಿನ ದಿನವೇ ಎರಡು ಬಂಡಲ್ ಪೇಪರ್ ತರಿಸಿಟ್ಟುಕೊಂಡಿದ್ದ. ಜನ ಜಾಸ್ತಿ ಬಂದರೆ ತಡೆಯುತ್ತಾ ಅಂತ ಮುಂಚೆಯೇ ನೋಡೋದಕ್ಕೇ ಅಂತ ನಮ್ಮ ಉದ್ಯೋಗದಲ್ಲಿ ಒಂದು ಕೆಲಸ ಇದೆ. ಅದರ ಹೆಸರು ಲೋಡ್ ಟೆಸ್ಟಿಂಗ್. ಅದನ್ನು ಮಾಡೋದಕ್ಕೆ ನನ್ನಂಥವರಿಗೆ ಸಂಬಳ ಕೊಡ್ತಾರೆ. ನಾವು ಮಾಡ್ತೀವಿ ಕೂಡ. ವರದಿಯೂ ಕೊಡ್ತೀವಿ, ಹಸಿರು ಬಣ್ಣದ ಗ್ರಾಫ್ ಹಾಕಿ. ನನ್ನ ತಕರಾರು ಇರೋದು ಇಲ್ಲೇ. ಆ ಹಸಿರು ವರದಿಗಳಲ್ಲಿ ಎಷ್ಟೋ ಸುಳ್ಳು ವರದಿಗಳು. ಹೆಚ್ಚಿನ ಸಲ ಸುಳ್ಳು ಹುಟ್ಟೋ ಜಾಗ ಒಂದೇ: ಲಾಗಿನ್ ಟೋಕನ್.

ಟೋಕನ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ, ಗೊತ್ತಿದ್ದವರು ಎರಡು ಪ್ಯಾರಾ ಹಾರಿಸಿಕೊಳ್ಳಿ.

ನೀವು ದೊಡ್ಡ ಆಸ್ಪತ್ರೆಗೆ ಹೋದರೆ ಒಂದು ಚೀಟಿ ಕೊಡ್ತಾರೆ. ಅದರ ಮೇಲೆ ಇವತ್ತಿನ ತಾರೀಖು, ನಿಮ್ಮ ನಂಬರ್. ಒಳಗೆ ಯಾವ ಬಾಗಿಲಿಗೆ ಹೋದರೂ ಚೀಟಿ ತೋರಿಸಬೇಕು. ನಿನ್ನೆಯ ಚೀಟಿ ಇವತ್ತು ನಡೆಯಲ್ಲ, ಪಕ್ಕದವರ ಚೀಟಿ ನಿಮಗೆ ನಡೆಯಲ್ಲ. ವೆಬ್‌ಸೈಟೂ ಹಾಗೇ. ನೀವು ಲಾಗಿನ್ ಆದ ತಕ್ಷಣ ಸರ್ವರ್ ನಿಮ್ಮ ಬ್ರೌಸರಿಗೆ ಒಂದು ಗುರುತು ಕೊಡುತ್ತೆ. ಅದು ಸೆಷನ್ ಕುಕಿ. "ಇವರು ಯಾರು" ಅಂತ ಹೇಳೋ ಚೀಟಿ ಅದು. ಇನ್ನೊಂದು ಚೀಟಿ ಇದೆ. ನೀವು ತುಂಬೋ ಪ್ರತಿ ಫಾರ್ಮಿನ ಹೊಟ್ಟೆಯಲ್ಲಿ, ಕಣ್ಣಿಗೆ ಕಾಣದ ಹಾಗೆ ಒಂದು ಉದ್ದನೆಯ ಅಕ್ಷರಮಾಲೆ ಕೂತಿರುತ್ತೆ. ನೀವು ಸಲ್ಲಿಸು ಒತ್ತಿದಾಗ ಅದೂ ವಾಪಸ್ ಹೋಗುತ್ತೆ. "ಈ ಫಾರ್ಮ್ ನಾನೇ ಕೊಟ್ಟದ್ದು, ಇವರಿಗೇ ಕೊಟ್ಟದ್ದು" ಅಂತ ಸರ್ವರ್ ಅದನ್ನು ನೋಡಿ ಖಾತ್ರಿ ಮಾಡಿಕೊಳ್ಳುತ್ತೆ. ಇದೇ ಸಿಎಸ್‌ಆರ್‌ಎಫ್ ಟೋಕನ್.

ಈ ಎರಡನೇ ಚೀಟಿ ಯಾಕೆ ಬೇಕು? ಅದಿಲ್ಲದಿದ್ದರೆ, ನೀವು ಬ್ಯಾಂಕಿಗೆ ಲಾಗಿನ್ ಆಗಿರುವಾಗಲೇ ಇನ್ನೊಂದು ಕಿತಾಪತಿ ಪುಟ ತೆರೆದರೆ, ಆ ಪುಟ ನಿಮ್ಮ ಬ್ರೌಸರಿನಿಂದಲೇ, ನಿಮ್ಮ ಕುಕಿ ಬಳಸಿಯೇ ಬ್ಯಾಂಕಿಗೆ ಅರ್ಜಿ ಕಳಿಸಬಹುದು. ಹೆಬ್ಬೆಟ್ಟು ನಿಮ್ಮದೇ, ಕಾಗದ ಅವರದು. ಕತೆ ಕಟ್ತಿಲ್ಲ. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಜೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ ಇಬ್ಬರೂ, ಐಎನ್‌ಜಿ ಡೈರೆಕ್ಟ್ ಅನ್ನೋ ಬ್ಯಾಂಕಿನ ಸೈಟಿನಲ್ಲಿ ಹೀಗೆ ಗ್ರಾಹಕರ ಖಾತೆಯಿಂದ ಹಣ ಸಾಗಿಸೋದು ಸಾಧ್ಯ ಅಂತ ತೋರಿಸಿಕೊಟ್ಟಿದ್ದರು. ಯೂಟ್ಯೂಬಿನಲ್ಲೂ ಅಂಥದೇ ತೂತು ಸಿಕ್ಕಿತ್ತು. ಆಮೇಲೆ ಒಳ್ಳೆ ಫ್ರೇಮ್‌ವರ್ಕುಗಳೆಲ್ಲ ಟೋಕನ್ನನ್ನು ತಾವೇ ಹಾಕಿಕೊಡೋದು ರೂಢಿಯಾಯ್ತು.

ಈಗ ಲೋಡ್ ಟೆಸ್ಟಿಗೆ ಬನ್ನಿ. ಸಾವಿರಾರು ಜನರನ್ನು ಕೂರಿಸಿ ಕ್ಲಿಕ್ ಮಾಡಿಸೋದಕ್ಕೆ ಆಗಲ್ಲ. ಅದಕ್ಕೆ ಸಾಧನಗಳಿವೆ. ಲೋಡ್‌ರನ್ನರ್ ಅಂತ ದುಡ್ಡು ಕೊಟ್ಟು ಕೊಳ್ಳೋದಿದೆ, ಜೆಮೀಟರ್ ಅಂತ ಪುಕ್ಕಟೆ ಸಿಗೋದಿದೆ. ಒಬ್ಬ ಮನುಷ್ಯ ಒಂದು ಸಲ ಸೈಟಿನಲ್ಲಿ ಓಡಾಡ್ತಾನೆ, ಸಾಧನ ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತೆ, ಆಮೇಲೆ ಅದನ್ನೇ ಐನೂರು, ಐದು ಸಾವಿರ ಕಾಲ್ಪನಿಕ ಜನರ ಹೆಸರಲ್ಲಿ ಪ್ಲೇ ಮಾಡುತ್ತೆ. ಕೇಳೋದಕ್ಕೆ ಸುಲಭ. ಆದರೆ ರೆಕಾರ್ಡ್ ಆದದ್ದರಲ್ಲಿ ಏನಿದೆ? ಆ ಒಬ್ಬ ಮನುಷ್ಯನ ಆ ದಿನದ ಚೀಟಿ. ಮಾರನೇ ದಿನ ಐನೂರು ಜನ ಅದೇ ಹಳೇ ಚೀಟಿಯ ಝೆರಾಕ್ಸ್ ಹಿಡಕೊಂಡು ಬಾಗಿಲಿಗೆ ಬರ್ತಾರೆ. ಒಳಗೆ ಬಿಡ್ತಾರಾ? ಬಿಡಲ್ಲ. ಬಿಡಬಾರದು ಕೂಡ.

ಬಿಡದಿದ್ದರೆ ಟೆಸ್ಟ್ ಫೇಲ್ ಅಂತ ಕೆಂಪು ಬರಬೇಕಲ್ಲ ಅಂತೀರಾ? ಅಲ್ಲೇ ಇರೋದು ಮಜಾ. ಕೆಲವು ಸರ್ವರ್‌ಗಳು ನೇರವಾಗಿ 403 ಅಂತ ಬೈದು ಕಳಿಸ್ತವೆ, ಅವು ಪುಣ್ಯಾತ್ಮರು. ಬಹಳಷ್ಟು ಸೈಟುಗಳು ಮರ್ಯಾದೆಯಿಂದ 302 ಅಂತ ಹೇಳಿ ಲಾಗಿನ್ ಪುಟದ ಕಡೆ ತಿರುಗಿಸ್ತವೆ. ಜೆಮೀಟರಿನಲ್ಲಿ ರೀಡೈರೆಕ್ಟ್ ಹಿಂಬಾಲಿಸು ಅನ್ನೋ ಟಿಕ್ ಮೊದಲಿಂದಲೇ ಬಿದ್ದಿರುತ್ತೆ. ಅದು ಹಿಂದೆ ಹೋಗುತ್ತೆ, ಲಾಗಿನ್ ಪುಟ ಚೆನ್ನಾಗಿ ತೆರೆಯುತ್ತೆ, 200 ಬರುತ್ತೆ. 200 ಅಂದರೆ ಎಲ್ಲ ಸರಿ. ಹಸಿರು. ಅರ್ಜಿ ಸಲ್ಲಿಸಲು ಬಂದವನನ್ನು ಬಾಗಿಲಲ್ಲೇ ವಾಪಸ್ ಕಳಿಸಿದ್ದನ್ನು ನಮ್ಮ ಸಾಧನ "ಯಶಸ್ವಿ" ಅಂತ ಬರಕೊಳ್ಳುತ್ತೆ.

ಇದನ್ನು ಪುಸ್ತಕ ಓದಿ ಹೇಳ್ತಿಲ್ಲ. ನಾನೇ ಮಾಡಿದ ಪಾಪ. ಬಿಇ ಮುಗಿಸಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಯಾವ ಕಂಪನಿ, ಯಾರ ಪ್ರಾಜೆಕ್ಟು ಅಂತ ಹೇಳಲ್ಲ, ಹೇಳಿದರೂ ಪ್ರಯೋಜನ ಇಲ್ಲ, ತಪ್ಪು ನನ್ನದು. ಹಳ್ಳಿಗಳ ಜನ ಬಳಸೋ ಒಂದು ಅರ್ಜಿ ಸೈಟು. 500 ಜನರ ಟೆಸ್ಟ್ ಓಡಿಸು ಅಂದರು. ರೆಕಾರ್ಡ್ ಮಾಡಿದೆ, ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಎಲ್ಲ ಹಸಿರು, ಒಂದೂ ಎರರ್ ಇಲ್ಲ, ಪುಟಗಳು ಕಣ್ಣು ಮಿಟುಕಿಸೋದರಲ್ಲಿ ಬರ್ತಿವೆ. ಮೀಟಿಂಗಿನಲ್ಲಿ ಚಪ್ಪಾಳೆ ಬಿತ್ತು. "ವೆರಿ ಗುಡ್" ಅಂದರು. ನಾನೂ ಹಿಗ್ಗಿದೆ.

ಸೈಟು ಜನರಿಗೆ ತೆರೆದ ದಿನ ಬೆಳಿಗ್ಗೆ ಹತ್ತೂವರೆಗೆ ಬಿತ್ತು. ಮಧ್ಯಾಹ್ನ ಎದ್ದಿತು. ಮತ್ತೆ ಬಿತ್ತು. ನನ್ನ ಪಕ್ಕ ಕೂರೋ ಡೇಟಾಬೇಸಿನ ಹಿರಿಯರೊಬ್ಬರು ಸುಮ್ಮನೆ ಒಂದು ಪ್ರಶ್ನೆ ಕೇಳಿದರು: "ನಿನ್ನ ಟೆಸ್ಟ್ ಓಡಿದ ರಾತ್ರಿ ಎಷ್ಟು ಅರ್ಜಿ ದಾಖಲಾಗಿದ್ವು, ನೋಡಿದ್ಯಾ?" ನೋಡಿರಲಿಲ್ಲ. ಟೆಸ್ಟ್ ಸರ್ವರಿನ ಟೇಬಲ್ ತೆಗೆದು ನೋಡಿದೆವು. ಒಂದೇ ಒಂದು ಸಾಲು ಇತ್ತು. ಅದು ನಾನು ರೆಕಾರ್ಡ್ ಮಾಡುವಾಗ ಕೈಯಾರೆ ತುಂಬಿದ ಅರ್ಜಿ. ಇಡೀ ರಾತ್ರಿ 500 ಜನ ಬಾಗಿಲು ತಟ್ಟಿದ್ದರು, ಒಬ್ಬನೂ ಒಳಗೆ ಹೋಗಿರಲಿಲ್ಲ. ನಾನು ಪರೀಕ್ಷೆ ಮಾಡಿದ್ದು ಲಾಗಿನ್ ಪುಟ ಎಷ್ಟು ಬೇಗ ತೆರೆಯುತ್ತೆ ಅನ್ನೋದನ್ನ ಮಾತ್ರ.

ಆ ದಿನ ಎಷ್ಟು ಜನ ಅವ್ವಂದಿರು ಎಲ್ಲೆಲ್ಲಿ ವಾಪಸ್ ಹೋದರೋ. ನನ್ನ ಸಂಬಳದಲ್ಲಿ ಒಂದು ರೂಪಾಯಿ ಕಡಿತ ಆಗಲಿಲ್ಲ.

ಇದನ್ನು ಸರಿ ಮಾಡೋದು ಕಷ್ಟವಾ? ಇಲ್ಲ. ಅರ್ಧ ದಿನದ ಕೆಲಸ. ಮೊದಲು ಫಾರ್ಮಿನ ಪುಟವನ್ನು ಕೇಳಬೇಕು. ಬಂದ ಉತ್ತರದಲ್ಲಿ ಟೋಕನ್ ಎಲ್ಲಿದೆ ಅಂತ ಹುಡುಕಿ ತೆಗೆಯಬೇಕು. ಅದಕ್ಕೆ ಜೆಮೀಟರಿನಲ್ಲಿ ಎಕ್ಸ್‌ಟ್ರಾಕ್ಟರ್‌ಗಳಿವೆ. ತೆಗೆದದ್ದನ್ನು ಒಂದು ವೇರಿಯಬಲ್ಲಿನಲ್ಲಿಟ್ಟು ಮುಂದಿನ ವಿನಂತಿಯಲ್ಲಿ ಕಳಿಸಬೇಕು. ಕುಕಿ ಮ್ಯಾನೇಜರ್ ಒಂದನ್ನು ಸೇರಿಸಿದರೆ ಪ್ರತಿಯೊಬ್ಬ ಕಾಲ್ಪನಿಕ ಮನುಷ್ಯನ ಸೆಷನ್ ಬೇರೆ ಬೇರೆ ಉಳಿಯುತ್ತೆ. ಕೊನೆಗೆ ಒಂದು ಅಸರ್ಷನ್ ಹಾಕಿ, ಬಂದ ಪುಟದಲ್ಲಿ "ಅರ್ಜಿ ಸ್ವೀಕರಿಸಲಾಗಿದೆ" ಅನ್ನೋ ಮಾತು ಇದ್ದರೆ ಮಾತ್ರ ಹಸಿರು, ಇಲ್ಲದಿದ್ದರೆ ಕೆಂಪು ಅಂತ ಹೇಳಬೇಕು. ಲೋಡ್‌ರನ್ನರಿನವರು ಇದನ್ನೇ ಕೋರಿಲೇಷನ್ ಅಂತ ಕರೀತಾರೆ. ಒಂದು ಎಚ್ಚರಿಕೆ: ಜೆಮೀಟರ್ ಬ್ರೌಸರ್ ಅಲ್ಲ, ಅದು ಜಾವಾಸ್ಕ್ರಿಪ್ಟ್ ಓಡಿಸಲ್ಲ. ಟೋಕನ್ ಜಾವಾಸ್ಕ್ರಿಪ್ಟಿನಿಂದ ಹುಟ್ಟೋದಾದರೆ ಅದು ಎಲ್ಲಿಂದ ಬರುತ್ತೆ ಅಂತ ನೀವೇ ಹುಡುಕಿ ಆ ವಿನಂತಿಯನ್ನೂ ಸೇರಿಸಬೇಕು. ಇಷ್ಟೇ. ಇದರಲ್ಲಿ ರಾಕೆಟ್ ವಿಜ್ಞಾನ ಏನೂ ಇಲ್ಲ.

ಆದರೂ ಯಾಕೆ ಮಾಡಲ್ಲ? ಕಾರಣ ಕೇಳಿದರೆ ಮೂರು ಉತ್ತರ ಬರ್ತವೆ. ಮೂರನ್ನೂ ಕೇಳಿ ಕೇಳಿ ನನಗೆ ಬಾಯಿಪಾಠ ಆಗಿದೆ.

ಮೊದಲನೇ ಉತ್ತರ: "ಟೆಸ್ಟ್ ಮಾಡುವಾಗ ಸೆಕ್ಯುರಿಟಿ ಆಫ್ ಮಾಡಿಬಿಡಿ, ಟೋಕನ್ ತಲೆನೋವೇ ಇರಲ್ಲ." ಇದು ಎಲ್ಲಕ್ಕಿಂತ ಅಪಾಯದ ಮಾತು. ಮೊದಲನೆಯದಾಗಿ, ನೀವು ಪರೀಕ್ಷೆ ಮಾಡ್ತಿರೋದು ಜನ ಬಳಸೋ ಸೈಟನ್ನಲ್ಲ, ಇನ್ನೊಂದನ್ನು. ನಮ್ಮ ಕಡೆ ಜಾತ್ರೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕೊಟ್ಟೂರಿನ ತೇರು 2017ರ ಫೆಬ್ರವರಿಯಲ್ಲಿ ಎಳೆಯುವಾಗಲೇ ಉರುಳಿ ಬಿದ್ದದ್ದು ನೆನಪಿದೆ ತಾನೆ? ತೇರಿನ ಗಟ್ಟಿತನ ನೋಡೋದಾದರೆ ಗಾಲಿ, ಅಚ್ಚು, ಮೇಲಿನ ಭಾರ ಎಲ್ಲ ಇಟ್ಟುಕೊಂಡೇ ನೋಡಬೇಕು. ಭಾರ ಇಳಿಸಿಟ್ಟು ಎಳೆದು "ಸಲೀಸಾಗಿ ಬಂತು" ಅಂದರೆ ಅದು ಯಾವ ಪರೀಕ್ಷೆ? ಎರಡನೆಯದಾಗಿ, ಆಫ್ ಮಾಡೋದಕ್ಕೆ ಅಂತ ಒಂದು ಸ್ವಿಚ್ ಬರೆದ ಮೇಲೆ, ಆ ಸ್ವಿಚ್ ಒಂದು ದಿನ ಅವಸರದಲ್ಲಿ ಜನರ ಸೈಟಿಗೂ ಹಾಗೇ ಹೋಗುತ್ತೆ. ಆಗ ಪ್ರಿನ್ಸ್‌ಟನ್ನಿನವರು ತೋರಿಸಿದ ತೂತು ನಿಮ್ಮ ಸೈಟಿನಲ್ಲಿ.

ಎರಡನೇ ಉತ್ತರ: "ಲಾಗಿನ್ ಒಂದು ಸಲ ಆಗೋದು, ಅದೇನು ದೊಡ್ಡ ಲೋಡ್? ಒಂದೇ ಯೂಸರಿನ ಟೋಕನ್ ಎಲ್ಲರಿಗೂ ಹಂಚಿ, ಒಳಗಿನ ಪುಟ ಟೆಸ್ಟ್ ಮಾಡಿ." ಲೆಕ್ಕ ಬಾರದವರ ಮಾತಿದು. ಪಾಸ್‌ವರ್ಡ್ ಕಾಪಾಡೋದಕ್ಕೆ ಬಳಸೋ ಬಿಕ್ರಿಪ್ಟ್‌ನಂಥ ವಿಧಾನಗಳನ್ನು ಬೇಕಂತಲೇ ನಿಧಾನ ಇರೋ ಹಾಗೆ ಮಾಡಿರ್ತಾರೆ, ಕಳ್ಳ ಬೇಗ ಬೇಗ ಊಹೆ ಮಾಡಿ ನೋಡಬಾರದು ಅಂತ. ಒಂದು ಲಾಗಿನ್‌ಗೆ ಕಾಲು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಒಂದು ಕೋರಿಗೆ ಸೆಕೆಂಡಿಗೆ 4 ಲಾಗಿನ್. ಎಂಟು ಕೋರಿನ ಸರ್ವರಿಗೆ 32. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ 10,000 ಜನ ಬಂದರೆ ಕೊನೆಯವನ ಸರದಿ ಬರೋದಕ್ಕೆ ಐದು ನಿಮಿಷದ ಮೇಲೆ ಬೇಕು. ಅವನು ಐದು ನಿಮಿಷ ಕಾಯ್ತಾನಾ? ಅರ್ಧ ನಿಮಿಷಕ್ಕೇ ಮತ್ತೆ ಒತ್ತುತ್ತಾನೆ. ಎಲ್ಲರೂ ಮತ್ತೆ ಒತ್ತಿದರೆ ಹತ್ತು ಸಾವಿರ ಇಪ್ಪತ್ತಾಯ್ತು. ತತ್ಕಾಲ್ ಟಿಕೆಟಿಗೆ ಎಸಿಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ ಕಾದು ಕೂತವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಒಳಗಿನ ಪುಟ ಎಷ್ಟೇ ಗಟ್ಟಿ ಇರಲಿ, ಬಾಗಿಲೇ ಇಕ್ಕಟ್ಟಾದರೆ ಏನು ಬಂತು? ಇನ್ನು ಒಬ್ಬನ ಟೋಕನ್ ಎಲ್ಲರಿಗೂ ಹಂಚಿದರೆ ಸರ್ವರ್ ಆ ಒಬ್ಬನ ಮಾಹಿತಿಯನ್ನು ಒಮ್ಮೆ ತೆಗೆದು ಕ್ಯಾಶ್‌ನಲ್ಲಿ ಇಟ್ಟುಕೊಂಡು ಎಲ್ಲರಿಗೂ ಅದನ್ನೇ ಬಡಿಸುತ್ತೆ. ಐನೂರು ಎಲೆ ಹಾಕಿ ಒಬ್ಬನಿಗೇ ಊಟ ಬಡಿಸಿದ ಹಾಗೆ.

ಮೂರನೇ ಉತ್ತರ: "ಟೈಮ್ ಇಲ್ಲ. ಸೋಮವಾರ ಮಂತ್ರಿಗಳು ಉದ್ಘಾಟನೆ ಮಾಡ್ತಾರೆ." ಇದಕ್ಕೆ ನನ್ನ ಹತ್ತಿರ ತಾಂತ್ರಿಕ ಉತ್ತರ ಇಲ್ಲ. ನಿಮ್ಮ ಅರ್ಧ ದಿನ ಉಳಿಸೋದಕ್ಕೆ ಊರಿನವರ ಲಕ್ಷ ದಿನ ಹಾಳು ಮಾಡ್ತೀರಿ ಅಂತಷ್ಟೇ ಹೇಳಬಲ್ಲೆ.

ಬಾಗಿಲಲ್ಲೇ ಜನ ಸಿಕ್ಕಿಹಾಕಿಕೊಳ್ಳೋದು ನಮ್ಮ ದೇಶದ ರೋಗ ಮಾತ್ರ ಅಲ್ಲ. ಅಮೆರಿಕದ ಆರೋಗ್ಯ ವಿಮೆಯ ಸರ್ಕಾರಿ ಸೈಟು ಹೆಲ್ತ್‌ಕೇರ್ ಡಾಟ್ ಗವ್ 2013ರ ಅಕ್ಟೋಬರ್ 1ರಂದು ತೆರೆಯಿತು. ಲಕ್ಷಾಂತರ ಜನ ಬಂದರು. ಮೊದಲ ದಿನ ನೋಂದಣಿ ಪೂರ್ತಿ ಮಾಡೋದಕ್ಕಾದದ್ದು 6 ಜನರಿಗೆ. ಆರು ಸಾವಿರ ಅಲ್ಲ, ಆರು. ವಿಮೆಯ ದರ ನೋಡೋದಕ್ಕೂ ಮುಂಚೆ ಖಾತೆ ತೆರೆದು ಲಾಗಿನ್ ಆಗಲೇಬೇಕು ಅಂತ ಮಾಡಿಟ್ಟಿದ್ದರು, ಜನ ಅಲ್ಲೇ ಸಿಕ್ಕಿಬಿದ್ದರು. ತೆರೆಯೋದಕ್ಕೆ ಕೆಲವೇ ದಿನ ಮುಂಚೆ ನಡೆದ ಪರೀಕ್ಷೆಯಲ್ಲಿ ಕೆಲವು ನೂರು ಜನರಿಗೇ ಅದು ಕುಸಿದಿತ್ತು ಅಂತ ಆಮೇಲೆ ಪತ್ರಿಕೆಗಳಲ್ಲಿ ಬಂತು. ಅಲ್ಲಿ ಪರೀಕ್ಷೆ ನಿಜ ಹೇಳಿತ್ತು, ದೊಡ್ಡವರು ಕೇಳಲಿಲ್ಲ. ನನ್ನ ಪರೀಕ್ಷೆ ನಿಜವನ್ನೇ ಹೇಳಿರಲಿಲ್ಲ. ಯಾವುದು ದೊಡ್ಡ ತಪ್ಪು, ನೀವೇ ಹೇಳಿ.

ನಮ್ಮಲ್ಲಿ 2021ರ ಏಪ್ರಿಲ್ 28 ನೆನಪು ಮಾಡಿಕೊಳ್ಳಿ. 18 ದಾಟಿದವರಿಗೆಲ್ಲ ಲಸಿಕೆ ಅಂತ ಕೋವಿನ್ ನೋಂದಣಿ ಸಂಜೆ ನಾಲ್ಕಕ್ಕೆ ತೆರೆಯಿತು. ನಾನೂ ಫೋನ್ ಹಿಡಕೊಂಡು ಕೂತಿದ್ದೆ. ಎಲ್ಲರದೂ ಒಂದೇ ದೂರು, ಓಟಿಪಿ ಬರ್ತಿಲ್ಲ. ಸ್ವಲ್ಪ ಹೊತ್ತಿನಲ್ಲಿ ಸರಿ ಮಾಡಿದರು, ಆ ದಿನ ಮುಗಿಯೋದರಲ್ಲಿ 1.3 ಕೋಟಿಗೂ ಹೆಚ್ಚು ಜನ ನೋಂದಾಯಿಸಿದರು. ಅದು ಸಣ್ಣ ಸಾಧನೆ ಅಲ್ಲ, ಒಪ್ಪಿಕೊಳ್ಳೋಣ. ಆದರೆ ಮೊದಲು ಏದುಸಿರು ಬಿಟ್ಟದ್ದು ಯಾವುದು ನೋಡಿ: ಲಸಿಕೆಯ ಪಟ್ಟಿ ಅಲ್ಲ, ಬಾಗಿಲು.

2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಸೇವಾಸಿಂಧುವಿನಲ್ಲಿ ಶುರುವಾದಾಗ ಮೊದಲ ದಿನಗಳಲ್ಲಿ ರಾಜ್ಯದ ತುಂಬ ಕೇಳಿಬಂದದ್ದು ಅದೇ "ಸರ್ವರ್" ಅನ್ನೋ ಮಾತು. ಮುಂದಿನ ತಿಂಗಳು 19ಕ್ಕೆ ಗೃಹಲಕ್ಷ್ಮಿ ನೋಂದಣಿ ಶುರು ಮಾಡುವಾಗ ಒಂದು ಬುದ್ಧಿವಂತಿಕೆ ಮಾಡಿದರು. ಯಾವ ದಿನ, ಯಾವ ಹೊತ್ತಿಗೆ, ಯಾವ ಕೇಂದ್ರಕ್ಕೆ ಬರಬೇಕು ಅಂತ ಹೆಣ್ಣುಮಕ್ಕಳಿಗೆ ಎಸ್‌ಎಂಎಸ್ ಕಳಿಸಿದರು. ಇದೂ ಒಂದು ಟೋಕನ್ನೇ. ಬಾಗಿಲಿನ ಅಗಲ ಎಷ್ಟಿದೆ ಅಂತ ಒಪ್ಪಿಕೊಂಡು ಅಷ್ಟೇ ಜನರನ್ನು ಕರೆಯೋ ವ್ಯವಸ್ಥೆ. ಅಗಲ ಗೊತ್ತಿದ್ದರೆ ಹೀಗೆ ಮಾಡಬಹುದು. ಅಗಲ ಗೊತ್ತಾಗೋದು ನಿಜವಾದ ಲೋಡ್ ಟೆಸ್ಟಿನಿಂದ.

ಇನ್ನೊಂದು ಮಾತು, ಟೆಸ್ಟರ್ ತಮ್ಮ ತಂಗಿಯರಿಗೆ. ಟೋಕನ್ ಸರಿಯಾಗಿ ಬಳಸಿ ಅಂದೆ ಅಂತ ನಿಜವಾದ ಜನರ ಟೋಕನ್, ಮೊಬೈಲ್ ನಂಬರ್, ಆಧಾರ್ ಎಲ್ಲ ಒಂದು ಸಿಎಸ್‌ವಿ ಫೈಲಿಗೆ ತುಂಬಿಕೊಂಡು ಕೋಡಿನ ಜೊತೆ ಗಿಟ್‌ಗೆ ಏರಿಸಬೇಡಿ. ಈ ಕೆಲಸವನ್ನೂ ನೋಡಿದ್ದೀನಿ. ಚಾಲ್ತಿಯಲ್ಲಿರೋ ಟೋಕನ್ ಅಂದರೆ ಬೀಗ ತೆಗೆದ ಮನೆ. ಟೆಸ್ಟಿಗೆ ಅಂತಲೇ ಸುಳ್ಳು ಹೆಸರಿನ ಸಾವಿರ ಖಾತೆ ಮಾಡಿಕೊಳ್ಳಿ, ಟೋಕನ್ನನ್ನು ಪ್ರತಿ ಸಲ ಓಡುವಾಗಲೇ ಸರ್ವರಿನಿಂದ ತೆಗೆದುಕೊಳ್ಳಿ, ಟೆಸ್ಟ್ ಮುಗಿದ ಮೇಲೆ ಬಿಸಾಕಿ. ಓಟಿಪಿ ಇದ್ದರೆ ಟೆಸ್ಟ್ ಖಾತೆಗಳಿಗೆ ಮಾತ್ರ, ಟೆಸ್ಟ್ ಸರ್ವರಿನಲ್ಲಿ ಮಾತ್ರ, ಎಸ್‌ಎಂಎಸ್ ಕಂಪನಿಯ ಬದಲು ಒಂದು ನಕಲಿ ಎಸ್‌ಎಂಎಸ್ ಸೇವೆ ನಿಲ್ಲಿಸಿ. ಅದಕ್ಕೂ ನಿಜದಷ್ಟೇ ತಡ ಹಾಕಿ. ಓಟಿಪಿ ಸರಿ ಇದೆಯಾ ಅಂತ ನೋಡೋ ಕೋಡನ್ನು ಮಾತ್ರ ಮುಟ್ಟಬೇಡಿ.

ಮ್ಯಾನೇಜರುಗಳಿಗೆ, ಟೆಂಡರ್ ಕೊಡೋ ಅಧಿಕಾರಿಗಳಿಗೆ ನನ್ನದು ಸಣ್ಣ ಬೇಡಿಕೆ. ಜೆಮೀಟರ್ ಕಲಿಯಬೇಡಿ. ಹಸಿರು ವರದಿ ಮೇಜಿನ ಮೇಲೆ ಬಂದಾಗ ಮೂರು ಪ್ರಶ್ನೆ ಕೇಳಿ. ಒಂದು, ಟೆಸ್ಟ್ ಮುಗಿದ ಮೇಲೆ ಡೇಟಾಬೇಸಿನಲ್ಲಿ ಎಷ್ಟು ಹೊಸ ಅರ್ಜಿ ಸೇರಿದ್ದವು? ವರದಿಯಲ್ಲಿರೋ ಸಂಖ್ಯೆಗೂ ಅದಕ್ಕೂ ತಾಳೆ ಆಗಬೇಕು. ಎರಡು, ಎಷ್ಟು ಬೇರೆ ಬೇರೆ ಖಾತೆಗಳು ಲಾಗಿನ್ ಆದವು, ಒಂದೇ ಹೊತ್ತಿನಲ್ಲಿ ಎಷ್ಟು? ಮೂರು, ಟೆಸ್ಟಿಗಾಗಿ ಯಾವ ಸುರಕ್ಷತೆ ಆಫ್ ಮಾಡಿದ್ದಿರಿ? ಈ ಮೂರಕ್ಕೆ ಬರವಣಿಗೆಯಲ್ಲಿ ಉತ್ತರ ಬರದೆ ಬಿಲ್ ಪಾಸ್ ಮಾಡಬೇಡಿ. ರಸ್ತೆ ಮಾಡಿದ ಗುತ್ತಿಗೆದಾರನ ಡಾಂಬರ್ ಅಗೆದು ಅಳತೆ ನೋಡ್ತೀರಲ್ಲ, ಹಾಗೇ ಇದನ್ನೂ ಅಗೆದು ನೋಡಿ.

ಇಷ್ಟೆಲ್ಲ ಮಾಡಿದರೂ ಸೈಟು ಒಂದು ದಿನ ಬೀಳಬಹುದು, ಅದು ಬೇರೆ ವಿಷಯ. ಯಂತ್ರ ಅಂದಮೇಲೆ ಬೀಳುತ್ತೆ. ಆದರೆ ಎಷ್ಟಕ್ಕೆ ಬೀಳುತ್ತೆ ಅಂತ ಮುಂಚೆ ಗೊತ್ತಿದ್ದರೆ, "ಇವತ್ತು ಇಷ್ಟೇ ಜನ, ನೀವು ಗುರುವಾರ ಬನ್ನಿ" ಅಂತ ಹಿಂದಿನ ದಿನವೇ ಹೇಳಬಹುದು. ಆಗ ಗುರುವಾರದವರೆಗೆ ಹೊಲದ ಕೆಲಸ ಆದರೂ ಆಗುತ್ತೆ.

ಅವ್ವನ ಅರ್ಜಿ ಕೊನೆಗೂ ಆಯ್ತು. ನಾಲ್ಕನೇ ಸಲ, ಬೆಳಿಗ್ಗೆ ಏಳಕ್ಕೇ ಹೋಗಿ, ಕೇಂದ್ರದ ಹುಡುಗನನ್ನು ಮನೆಯಿಂದ ಎಬ್ಬಿಸಿಕೊಂಡು ಬಂದು ಮಾಡಿಸಿದಳಂತೆ. "ಆ ಹೊತ್ನ್ಯಾಗ ಸರ್ವರ್ ಖಾಲಿ ಇರ್ತೈತಿ" ಅಂದಳು. ಲೋಡ್ ಟೆಸ್ಟಿಂಗ್ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತಿದೆ. ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪು ಅಂತ ಮಾತ್ರ ಇನ್ನೂ ಹೇಳಿಲ್ಲ. ಸಂಕ್ರಾಂತಿಗೆ ಹೋದಾಗ ಹೇಳ್ತೀನಿ.